ಬಿಡಿಕಾಸಿನ ಚಿಲಕ

ನಮ್ಮ ಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಹೊರಟರೆ ಕಿವಿ ಕೆಂಪಾಗುತ್ತಿತ್ತು, ಮಾತು ತಡವರಿಸುತ್ತಿತ್ತು, ಎದುರಿಗಿದ್ದವರೇ ಪಾಪ ಅಂದುಕೊಂಡು ‘ಹೋಗಲಿ ಬಿಡಪ್ಪ’ ಅನ್ನುತ್ತಿದ್ದರು. ಇಡೀ ಜೀವಮಾನದಲ್ಲಿ ಅವನು ಒಂದೇ ಒಂದು ಸುಳ್ಳನ್ನು ನೆಟ್ಟಗೆ ಹೇಳಿದ. ಅದನ್ನು ಕೋರ್ಟಿನಲ್ಲಿ, ನ್ಯಾಯಾಧೀಶರ ಎದುರು, ನನ್ನ ಅಮ್ಮನ ಮುಖ ನೋಡಿಕೊಂಡು ಹೇಳಿದ. ಎಲ್ಲರೂ ನಂಬಿದರು. ಅವರು ನಂಬಿದ್ದೇ ನಮಗೆ ಮುಳುವಾಯಿತು.

ಮಾವ ಅಂದರೆ ಅಮ್ಮನ ಅಣ್ಣ. ಹೊಟ್ಟೆ ಒಂದೇ, ತಂದೆ ಬೇರೆ. ಅಜ್ಜಿಯ ಮೊದಲ ಗಂಡ ಸತ್ತಾಗ ಮಾವ ಇನ್ನೂ ಕಂಕುಳ ಕೂಸು. ಅವನನ್ನೆತ್ತಿಕೊಂಡು ಬೇರೆ ಊರಿಗೆ ಬಂದ ಅಜ್ಜಿ ಇನ್ನೊಬ್ಬನ ಜೊತೆ ಸಂಸಾರ ಹೂಡಿದಳು. ಅಮ್ಮ ಹುಟ್ಟಿದ್ದು ಅಲ್ಲಿ. ಆ ಮನುಷ್ಯ ಹುಡುಗನಿಗೆ ಊಟ ಹಾಕಿದ, ಬಟ್ಟೆ ಕೊಡಿಸಿದ, ತನ್ನ ಹೆಸರು ಮಾತ್ರ ಕೊಡಲಿಲ್ಲ. ಹಾಗಾಗಿ ಕಾಗದಪತ್ರ ತೆಗೆದು ನೋಡಿದರೆ ಅವನ್ಯಾರೋ ಇವಳ್ಯಾರೋ. ಆದರೆ ಅಜ್ಜಿ ಕೆಲಸಕ್ಕೆ ಹೋದಾಗ ಅಮ್ಮನ ಮೂಗು ಒರೆಸಿದ್ದು, ತಲೆ ಬಾಚಿದ್ದು, ಕೈಹಿಡಿದು ಶಾಲೆಗೆ ಬಿಟ್ಟು ಬಂದದ್ದು ಎಲ್ಲ ಅವನೇ. ‘ಬೈತಲೆ ಮಾತ್ರ ಒಂದು ದಿನವೂ ನೆಟ್ಟಗೆ ತೆಗೀಲಿಲ್ಲ’ ಎಂದು ಅಮ್ಮ ಈಗಲೂ ದೂರುತ್ತಾಳೆ. ಅವನು ಅವಳನ್ನು ಪುಟ್ಟಿ ಅನ್ನುತ್ತಿದ್ದ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿನಲ್ಲೂ ಅವಳು ಅವನಿಗೆ ಪುಟ್ಟಿಯೇ.

ಅವನದು ಎರಕದ ಕೆಲಸ. ಗುಜರಿಯವರಿಂದ ಹಳೆಯ ಹಿತ್ತಾಳೆ ಕೊಂಡು, ಮೂಸೆಯಲ್ಲಿ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ಬಾಗಿಲ ಹಿಡಿ, ಚಿಲಕ, ಕಪಾಟಿನ ಗುಬುಟು ಮಾಡುತ್ತಿದ್ದ. ಒಂದು ಸಂದಿಯ ಕೊನೆಯಲ್ಲಿ ಒಂದೇ ಕೋಣೆ. ಒಂದು ಮೂಲೆಯಲ್ಲಿ ಕುಲುಮೆ, ಇನ್ನೊಂದು ಮೂಲೆಯಲ್ಲಿ ಅವನ ಚಾಪೆ, ನಡುವೆಲ್ಲ ಮರಳು. ಊಟದಲ್ಲೂ ಮರಳು, ಹಾಸಿಗೆಯಲ್ಲೂ ಮರಳು. ಹುಬ್ಬು ಯಾವಾಗಲೂ ಅರ್ಧ ಸುಟ್ಟಿರುತ್ತಿತ್ತು. ‘ಹುಬ್ಬಿಲ್ಲದವನಿಗೆ ಯಾರು ಹೆಣ್ಣು ಕೊಡ್ತಾರೆ’ ಎಂದು ಅಮ್ಮ ರೇಗಿಸುತ್ತಿದ್ದಳು. ಯಾರೂ ಕೊಡಲಿಲ್ಲ, ಅವನೂ ಕೇಳಲಿಲ್ಲ.

ಅಂಗಡಿಯ ಗೋಡೆಯ ವಿಷಯ ಈಗಲೇ ಹೇಳಿಬಿಡಬೇಕು, ಮುಂದಿನದೆಲ್ಲ ಆ ಗೋಡೆಯಿಂದಲೇ ಆದದ್ದು. ಪ್ರತಿ ಸಲ ಎರಕ ಹೊಯ್ದಾಗಲೂ ಮಾವ ಎರಡು ಚೂರು ಎತ್ತಿಡುತ್ತಿದ್ದ. ಕರಗಿಸುವ ಮುಂಚಿನ ಮಾಲಿನದೊಂದು ಚೂರು, ಹೊಯ್ದ ಮೇಲೆ ಮೂಸೆಯಲ್ಲಿ ಉಳಿದದ್ದರ ಒಂದು ಹನಿ. ಎರಡನ್ನೂ ಸೇರಿಸಿ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಮಾಲು ಕೊಟ್ಟವರು ಯಾರೆಂದು ತಿಳಿಯಲಿ ಅಂತ ಒಬ್ಬೊಬ್ಬರದಕ್ಕೆ ಒಂದೊಂದು ಬಗೆಯ ಕಟ್ಟು. ಒಬ್ಬ ಗುಜರಿಯವನದಕ್ಕೆ ತಂತಿ, ಇನ್ನೊಬ್ಬನದಕ್ಕೆ ಸೆಣಬಿನ ದಾರ. ಇದಕ್ಕೆ ಅವನು ‘ಗುರುತು’ ಅನ್ನುತ್ತಿದ್ದ. ಮಾಡಿಕೊಟ್ಟ ಹಿಡಿ ವರ್ಷದ ಮೇಲೆ ಮುರಿದು ವಾಪಸ್ಸು ಬಂದರೆ, ಅದರ ಗುರುತು ಇಳಿಸಿ, ಒಡೆದು ನೋಡಿ, ಕೆಟ್ಟದ್ದು ಮಾಲೋ ಕೈಯೋ ಎಂದು ಹೇಳುತ್ತಿದ್ದ. ‘ಕರಗಿದ್ದಕ್ಕೆ ಹುಟ್ಟಿದ ಊರು ನೆನಪಿರಲ್ಲ, ನೀನೇ ನೆನಪಿಟ್ಕೋಬೇಕು’ ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದನಂತೆ. ಬೇರೆ ಎರಕದವರೆಲ್ಲ ಈ ಪದ್ಧತಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಮಾವ ಬಿಡಲಿಲ್ಲ. ಒಳ್ಳೆಯ ಅಭ್ಯಾಸ ಮನುಷ್ಯನನ್ನು ಕಾಯುತ್ತದೆ ಎಂದು ಯಾರಾದರೂ ಉಪದೇಶ ಮಾಡಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಮ್ಮನ ಕೆಲಸ ಬಸ್ ನಿಲ್ದಾಣದ ಶೌಚಾಲಯದಲ್ಲಿ. ಬಾಗಿಲ ಬಳಿ ಒಂದು ಕುರ್ಚಿ, ಒಂದು ಸ್ಟೂಲು, ಅದರ ಮೇಲೊಂದು ಸ್ಟೀಲ್ ತಟ್ಟೆ. ಬಂದವರು ತಟ್ಟೆಗೆ ದುಡ್ಡು ಹಾಕಿ ಒಳಗೆ ಹೋಗಬೇಕು. ಹಿಂದಿನ ಸಣ್ಣ ಕೋಣೆ ನಮಗೆ ಇರಲು ಕೊಟ್ಟಿದ್ದರು. ಫಿನಾಯಿಲ್ ವಾಸನೆ ಇಲ್ಲದಿದ್ದರೆ ನನಗೆ ಇವತ್ತಿಗೂ ನಿದ್ದೆ ಬರುವುದಿಲ್ಲ. ಅಪ್ಪ ನನಗೆ ನೆನಪು ಮೂಡುವ ಮೊದಲೇ ತೀರಿಹೋಗಿದ್ದ. ನಾನು ಆಗ ನಿಲ್ದಾಣದ ಹಿಂದಿನ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ.

ಆ ಕಾಲದಲ್ಲಿ ಎಲ್ಲಕ್ಕಿಂತ ಸಣ್ಣ ನಾಣ್ಯಕ್ಕೆ ಜನ ‘ಗುಂಡಿ’ ಅನ್ನುತ್ತಿದ್ದರು. ಕೋಟಿನ ಗುಂಡಿಯಷ್ಟೇ ಅಗಲ, ಹಿತ್ತಾಳೆ ಬಣ್ಣ. ಅಂಗಡಿಯವರು ಅದನ್ನು ಮುಟ್ಟುತ್ತಿರಲಿಲ್ಲ, ಚಿಲ್ಲರೆಯ ಬದಲು ಪೆಪ್ಪರ್‌ಮಿಂಟ್ ಕೊಟ್ಟು ಸಾಗಹಾಕುತ್ತಿದ್ದರು. ಭಿಕ್ಷುಕನೊಬ್ಬ ‘ನೀವೇ ಇಟ್ಕೊಳ್ಳಿ’ ಎಂದು ವಾಪಸ್ಸು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಎಲ್ಲೂ ನಡೆಯದ ಗುಂಡಿ ನಡೆಯುತ್ತಿದ್ದದ್ದು ಬಸ್ಸಿನ ಟಿಕೆಟ್ಟಿಗೆ, ಆಮೇಲೆ ಅಮ್ಮನ ತಟ್ಟೆಗೆ. ಹೊಟ್ಟೆ ಹಿಡಿದುಕೊಂಡು ಓಡಿ ಬಂದವರ ಜೊತೆ ಯಾರು ವಾದ ಮಾಡುತ್ತಾರೆ? ಆದರೆ ಶೌಚಾಲಯದ ಗುತ್ತಿಗೆದಾರನಿಗೆ ವಾರದ ಹಣ ನೋಟಿನಲ್ಲೇ ಬೇಕು. ಬ್ಯಾಂಕಿಗೆ ಹೊತ್ತುಕೊಂಡು ಹೋದರೆ ‘ಎಣಿಸೋಕೆ ಜನ ಇಲ್ಲಮ್ಮ, ಆಮೇಲೆ ಬನ್ನಿ’ ಅನ್ನುತ್ತಿದ್ದರು. ಆ ಆಮೇಲೆ ಯಾವತ್ತೂ ಬರಲಿಲ್ಲ. ಗುಂಡಿಗಳು ಡಬ್ಬ ತುಂಬಿ, ಬಕೆಟ್ ತುಂಬಿ, ಮಂಚದ ಕೆಳಗೆ ಸೇರಿದವು. ದುಡ್ಡಿನ ರಾಶಿಯ ಮೇಲೆ ಮಲಗಿಕೊಂಡು, ಗುತ್ತಿಗೆದಾರನಿಗೆ ಕೊಡಲು ದುಡ್ಡಿಲ್ಲವೆಂದು ಅಮ್ಮ ಅಳುತ್ತಿದ್ದಳು.

ಒಂದು ದಿನ ಮಾವ ಬಂದವನು ಒಂದು ಗುಂಡಿ ಎತ್ತಿ ಅಂಗೈಯಲ್ಲಿ ತೂಗಿದ, ಕಲ್ಲಿಗೆ ಉಜ್ಜಿ ಬಣ್ಣ ನೋಡಿದ.

‘ಇದು ಒಳ್ಳೆ ಹಿತ್ತಾಳೆ ಪುಟ್ಟಿ. ಗುಜರಿಯವರು ಕೊಡೋ ಕಸಕ್ಕಿಂತ ಎಷ್ಟೋ ವಾಸಿ. ತೂಕಕ್ಕೆ ತಗೋತೀನಿ, ನೋಟು ಕೊಡ್ತೀನಿ.’

‘ಸರ್ಕಾರದ ಮುದ್ರೆ ಇದೆಯಲ್ಲಣ್ಣ. ಕರಗಿಸಬಾರದು ಅಂತಾರೆ.’

‘ಮುದ್ರೆ ಇದೆ, ಮರ್ಯಾದೆ ಎಲ್ಲಿದೆ? ಬ್ಯಾಂಕಿನವರೇ ಬೇಡ ಅಂದ ಮೇಲೆ?’

‘ತಪ್ಪಾಗುತ್ತೋ ಏನೋ.’

‘ತಪ್ಪೇ. ಸಣ್ಣ ತಪ್ಪು’ ಅಂದ ಮಾವ. ಕಿವಿ ಕೆಂಪಾಗಲಿಲ್ಲ. ಅವನು ಅದನ್ನು ನಂಬಿಯೇ ಹೇಳಿದ್ದ.

ಅಂದಿನಿಂದ ಗುಂಡಿಯ ಚೀಲಗಳು ಸಂದಿಯ ಕೊನೆಗೆ ಹೋದವು. ಶೌಚಾಲಯಕ್ಕೆ ಬರುವ ಸೋಪಿನ ಪೆಟ್ಟಿಗೆಗೆ ನೀಲಿ ಪ್ಲಾಸ್ಟಿಕ್ ಪಟ್ಟಿ ಸುತ್ತಿರುತ್ತಿತ್ತು. ಅಮ್ಮ ಚೀಲದ ಬಾಯಿ ಕಟ್ಟುತ್ತಿದ್ದದ್ದು ಅದರಿಂದಲೇ. ಹಾಗಾಗಿ ಅಮ್ಮನ ಮಾಲಿನ ಗುರುತಿಗೆ ಮಾವ ಆ ನೀಲಿ ಪಟ್ಟಿಯನ್ನೇ ಕಟ್ಟಿದ. ಗೋಡೆಯ ಮೇಲೆ ನೀಲಿ ಪಟ್ಟಿಗಳು ಹೆಚ್ಚುತ್ತಾ ಹೋದವು. ಒಂದೊಂದರಲ್ಲೂ ಕರಗದ ಒಂದು ಗುಂಡಿ, ಪಕ್ಕದಲ್ಲಿ ಕರಗಿದ ಒಂದು ಹನಿ.

ಹೆಂಗಸರ ಕಡೆಯ ಬಾಗಿಲುಗಳಿಗೆ ಆಗ ಚಿಲಕ ಇರಲಿಲ್ಲ. ಇದ್ದ ಕಬ್ಬಿಣದವು ನೀರು ಬಿದ್ದು ಬಿದ್ದು ತುಕ್ಕು ತಿಂದು ಉದುರಿದ್ದವು. ಒಳಗೆ ಹೋದವರು ಒಂದು ಕಾಲಿನಿಂದ ಬಾಗಿಲು ಒತ್ತಿ ಹಿಡಿದು ಕೂರಬೇಕು, ಇಲ್ಲ ಅಮ್ಮನನ್ನು ಕಾವಲಿಗೆ ನಿಲ್ಲಿಸಿಕೊಳ್ಳಬೇಕು. ಗುತ್ತಿಗೆದಾರನಿಗೆ ಹೇಳಿದರೆ ‘ಅಲ್ಲೇನು ಚಿನ್ನ ಇಟ್ಟಿದ್ದೀರಾ ಬೀಗ ಹಾಕೋಕೆ’ ಎಂದು ನಕ್ಕನಂತೆ. ಅಮ್ಮ ಈ ಮಾತನ್ನು ಮಾವನ ಹತ್ತಿರ ಆಡಿಕೊಂಡು ಬೈದಳು. ಸ್ವಲ್ಪ ದಿನಕ್ಕೆ ಮಾವ ಒಂದು ಗಂಟು ಹೊತ್ತು ಬಂದ. ಬಿಚ್ಚಿದರೆ ಚಿಲಕಗಳು, ಅಮ್ಮನ ಗುಂಡಿಗಳಿಂದಲೇ ಎರಕ ಹೊಯ್ದವು. ಅಂಚುಗಳನ್ನು ಕೈಗೆ ತಗಲದ ಹಾಗೆ ಅರ ಹಾಕಿ ನುಣ್ಣಗೆ ಮಾಡಿದ್ದ.

ಅಮ್ಮ ‘ರಿಪೇರಿ ಇದೆ’ ಎಂಬ ಹಲಗೆ ಇಟ್ಟು ಅವನನ್ನು ಹೆಂಗಸರ ಕಡೆಗೆ ಬಿಟ್ಟಳು. ಅವನ ಮುಖ ನೋಡಬೇಕಿತ್ತು. ಯಾರೂ ಇಲ್ಲದ ಜಾಗದಲ್ಲೂ ತಲೆ ತಗ್ಗಿಸಿಕೊಂಡೇ ತಿರುಪು ಬಿಗಿಸುತ್ತಿದ್ದ. ಹೊರಗಿನಿಂದ ಯಾವಳೋ ಬಾಗಿಲು ಬಡಿದು ‘ಇನ್ನೂ ಎಷ್ಟು ಹೊತ್ತು?’ ಅಂದಾಗ ಬೆದರಿ ತಿರುಪುಗಳನ್ನೆಲ್ಲ ಕೆಳಗೆ ಚೆಲ್ಲಿದ. ನಾನೂ ಅಮ್ಮನೂ ನಕ್ಕು ನಕ್ಕು ಗೋಡೆ ಹಿಡಿದುಕೊಂಡೆವು. ಕೆಲಸ ಮುಗಿದ ಮೇಲೆ ಅಮ್ಮ ಒಳಗೆ ಹೋಗಿ ಒಂದು ಚಿಲಕ ಹಾಕಿದಳು. ಟಕ್ ಎಂದು ಕೂತಿತು. ಅವಳು ಸ್ವಲ್ಪ ಹೊತ್ತು ಹೊರಗೆ ಬರಲೇ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಅವಳು ಅಲ್ಲಿ ಬಾಗಿಲು ಹಾಕಿಕೊಂಡು ಕೂತದ್ದು ಅದೇ ಮೊದಲಂತೆ.

ಅಷ್ಟು ಹೊತ್ತಿಗೆ ಊರಿನಲ್ಲಿ ಚಿಲ್ಲರೆಗೆ ಹಾಹಾಕಾರ ಶುರುವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರಿಗೂ ಪ್ರಯಾಣಿಕರಿಗೂ ದಿನಾ ಜಗಳ. ಗುಂಡಿ ಸಿಗುವುದಿಲ್ಲವೆಂದು ಟಿಕೆಟ್ ದರವನ್ನೇ ಮೇಲಕ್ಕೆ ದೂಡಿದರು. ಏಟು ಬಿದ್ದದ್ದು ನಡೆದು ಹೋಗಲಾಗದ ಬಡವರಿಗೆ. ಊರಾಚೆಯ ದೊಡ್ಡ ಎರಕದ ಕಾರ್ಖಾನೆಗಳವರು ಗುಂಡಿಗಳನ್ನು ಲಾರಿಗಟ್ಟಲೆ ಕರಗಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಬಂತು. ಬಂದದ್ದು ನಿಜವೇ. ಅದಕ್ಕೇ ನಾನು ಕಾನೂನೇ ಇರಬಾರದು ಎಂದು ಹೇಳುವವಳಲ್ಲ. ಎಲ್ಲರೂ ಸಿಕ್ಕಿದ್ದನ್ನೆಲ್ಲ ಕರಗಿಸುತ್ತಾ ಕೂತರೆ ಕೊಡುವವರು ಏನು ಕೊಡಬೇಕು, ತೆಗೆದುಕೊಳ್ಳುವವರು ಏನು ತೆಗೆದುಕೊಳ್ಳಬೇಕು?

ದಾಳಿ ಆಯಿತು. ದೊಡ್ಡ ಕಾರ್ಖಾನೆಗಳಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅಧಿಕಾರಿಗಳು ಹೋದಾಗ ಅಲ್ಲಿ ಹೊಳೆಯುವ ನೆಲ, ಹಿತ್ತಾಳೆ ಗಟ್ಟಿ, ಕಾಫಿ, ಬಿಸ್ಕತ್ತು. ಕರಗಿದ ಗಟ್ಟಿ ನಾನು ನಾಣ್ಯವಾಗಿದ್ದೆ ಎಂದು ಬಾಯಿಬಿಟ್ಟು ಹೇಳುತ್ತದೆಯೇ? ಬರಿಗೈಯಲ್ಲಿ ಹಿಂದಿರುಗಲಾಗದೆ ಅವರು ಸಂದಿಗೊಂದಿಗೆ ನುಗ್ಗಿದರು. ಸಂದಿಯ ಕೊನೆಯಲ್ಲಿ ನಮ್ಮ ಮಾವ ಗೋಡೆ ತುಂಬ ಉತ್ತರ ನೇತುಹಾಕಿಕೊಂಡು ಕೂತಿದ್ದ. ಯಾವ ನಾಣ್ಯ, ಕರಗಿದ ಮೇಲೆ ಏನಾಯಿತು, ಯಾರು ತಂದದ್ದು, ಎಲ್ಲ ಅಚ್ಚುಕಟ್ಟಾಗಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಇಲ್ಲಿ ಕೋತಿಗೆ ಒರೆಸುವ ಕಷ್ಟವೂ ಇರಲಿಲ್ಲ.

‘ಇದೇನಯ್ಯ ಇದು?’ ಎಂದು ಅಧಿಕಾರಿ ಕೇಳಿದರೆ ಈ ಪುಣ್ಯಾತ್ಮ ‘ಗುರುತು ಸ್ವಾಮಿ’ ಎಂದು ಶುರುಮಾಡಿ, ಹೇಗೆ ಕಟ್ಟಬೇಕು, ಯಾಕೆ ಇಡಬೇಕು, ಎಲ್ಲ ವಿವರಿಸಿದನಂತೆ. ಕಸುಬಿನ ಬಗ್ಗೆ ಯಾರಾದರೂ ಕೇಳಿದರೆ ಅವನಿಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ‘ಈ ನೀಲಿ ಯಾರದು?’ ಎಂದು ಕೇಳಿದಾಗ ಬಾಯಿ ಕಟ್ಟಿತು. ಅವನನ್ನೂ ಗೋಡೆಯ ಗುರುತುಗಳನ್ನೂ ಎತ್ತಿಕೊಂಡು ಹೋದರು.

ನೀಲಿ ಪಟ್ಟಿಯ ಜಾಡು ಹಿಡಿದು ಅವರು ಶೌಚಾಲಯಕ್ಕೆ ಬರಲು ಬಹಳ ದಿನ ಬೇಕಾಗಲಿಲ್ಲ. ಆ ಸೋಪಿನ ಪೆಟ್ಟಿಗೆಗಳು ಹೋಗುತ್ತಿದ್ದ ಜಾಗಗಳು ಊರಿನಲ್ಲಿ ನಾಲ್ಕಾರು, ಗುಂಡಿ ರಾಶಿ ಬೀಳುತ್ತಿದ್ದದ್ದು ನಮ್ಮಲ್ಲಿ. ಮಂಚದ ಕೆಳಗೆ ಆ ವಾರ ಏನೂ ಇರಲಿಲ್ಲ, ಅದೊಂದು ಪುಣ್ಯ. ಅಮ್ಮನಿಗೆ ಕೋರ್ಟಿಗೆ ಬರಲು ಹೇಳಿದರು. ಕರಗಿಸಲೆಂದು ಕೊಟ್ಟವರಿಗೂ ಜೈಲೇ ಎಂದು ನಮಗೆ ತಿಳಿದದ್ದು ಆಗ.

ಮಾವನ ಕೇಸಿಗೆ ಸರ್ಕಾರವೇ ಒಬ್ಬ ವಕೀಲರನ್ನು ಕೊಟ್ಟಿತ್ತು. ಬಡಕಲು ಮನುಷ್ಯ. ಅವರು ನಿಲ್ದಾಣಕ್ಕೆ ಬಂದು, ಸುತ್ತ ನೋಡಿ, ಅಮ್ಮನ ಕುರ್ಚಿಯ ಪಕ್ಕ ಬಗ್ಗಿದರು.

‘ನಿಮ್ಮಣ್ಣ ಒಂದು ಮಾತು ಹೇಳಿ ಕಳಿಸಿದ್ದಾರೆ. ಕೋರ್ಟಲ್ಲಿ ನೀವು ಅವರನ್ನ ನೋಡೇ ಇಲ್ಲ ಅನ್ಬೇಕಂತೆ. ಅವರೂ ಹಾಗೇ ಅಂತಾರಂತೆ. ನಿಮ್ಮಿಬ್ಬರದೂ ಅಪ್ಪನ ಹೆಸರು ಬೇರೆ ಬೇರೆ. ಯಾರಿಗೂ ಗೊತ್ತಾಗಲ್ಲ.’

‘ಅಯ್ಯೋ, ಒಡಹುಟ್ಟಿದವನನ್ನ ಗೊತ್ತಿಲ್ಲ ಅನ್ನೋದಾ? ನಾನು ಹೇಳಿಬಿಡ್ತೀನಿ ಸ್ವಾಮಿ. ಮಾಲು ಕೊಟ್ಟವಳು ನಾನೇ.’

‘ಹೇಳಿದ್ರೆ ಅವರಿಗೇನೂ ಕಡಿಮೆ ಆಗಲ್ಲಮ್ಮ. ನೀವೂ ಒಳಗೆ ಹೋಗ್ತೀರ ಅಷ್ಟೇ. ಈ ಕೋಣೆ ಹೋಗುತ್ತೆ, ನಿಮ್ಮ ಮಗಳು ಬೀದೀಲಿ ನಿಲ್ತಾಳೆ.’ ವಕೀಲರು ಗಂಟಲು ಸರಿಮಾಡಿಕೊಂಡರು. ‘ಇನ್ನೂ ಒಂದು ಹೇಳಿದ್ರು. ಹೇಳಿದ ಹಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪುಟ್ಟಿ ಬಾಯಿ ಬಿಟ್ರೆ ನನ್ನ ಹೆಣ ನೋಡ್ತಾಳೆ ಅಂತ ಹೇಳಿ, ಅಂದ್ರು.’

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಥ ಆಣೆ ಹಾಕಿದ ಮೇಲೆ ನಮ್ಮಂಥವರು ಏನು ಮಾಡಲು ಆಗುತ್ತದೆ?

ಕೋರ್ಟಿನಲ್ಲಿ ಮಾವ ಕಟಕಟೆಯಲ್ಲಿ ನಿಂತಿದ್ದ. ಕುಲುಮೆಯ ಮುಂದೆ ಕೂರದೆ ಹುಬ್ಬು ಪೂರ್ತಿ ಬೆಳೆದಿತ್ತು, ಬೇರೆ ಯಾರೋ ಅನ್ನಿಸುತ್ತಿತ್ತು. ಸರ್ಕಾರಿ ವಕೀಲರು ಅಮ್ಮನನ್ನು ತೋರಿಸಿ ಕೇಳಿದರು.

‘ಈ ಹೆಂಗಸು ಗೊತ್ತಾ?’

‘ಇಲ್ಲ ಸ್ವಾಮಿ.’

‘ಸರಿಯಾಗಿ ನೋಡಿ ಹೇಳು.’

ಮಾವ ನೋಡಿದ. ನಿಧಾನವಾಗಿ, ತಲೆಯಿಂದ ಕಾಲಿನವರೆಗೆ, ಗುಜರಿ ಮಾಲು ನೋಡುವ ಹಾಗೆ. ನಾನು ಅವನ ಕಿವಿಯನ್ನೇ ನೋಡುತ್ತಿದ್ದೆ. ಕೆಂಪಾಗಲಿಲ್ಲ.

‘ಯಾರೋ ಗೊತ್ತಿಲ್ಲ ಸ್ವಾಮಿ. ನಂದು ಅಂತ ಯಾರೂ ಇಲ್ಲ. ಆ ಗುಂಡಿಗಳನ್ನ ನಾನೇ ಅಲ್ಲಿ ಇಲ್ಲಿ ಆಯ್ದು ತಂದೆ. ಪಟ್ಟಿ ಕಸದ ಬುಟ್ಟೀಲಿ ಸಿಕ್ತು.’

ಆಮೇಲೆ ಅಮ್ಮನ ಸರದಿ. ‘ಇವನು ಗೊತ್ತಾ?’ ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಬಾಯಿಬಿಟ್ಟು ಹೇಳಬೇಕು ಎಂದರು ನ್ಯಾಯಾಧೀಶರು. ‘ಗೊತ್ತಿಲ್ಲ’ ಅಂದಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. ನಿಲ್ದಾಣದ ಆ ಗದ್ದಲದಲ್ಲೂ ಬೈದು ಜನರನ್ನು ಸಾಲಿನಲ್ಲಿ ನಿಲ್ಲಿಸುವವಳು ಅವಳು.

ನಾಣ್ಯ ನಿಮ್ಮ ಜೇಬಿನಲ್ಲಿದ್ದರೂ ನಿಮ್ಮದಲ್ಲ, ಸರ್ಕಾರದ್ದು ಎಂದು ಸರ್ಕಾರಿ ವಕೀಲರು ವಾದಿಸಿದರು. ಉಳಿದವರಿಗೂ ಬುದ್ಧಿ ಬರಲೆಂದು ಮೂರು ವರ್ಷ ಜೈಲು ಹಾಕಿದರು. ಉಳಿದವರು ಆ ಹೊತ್ತಿಗೆ ಲಾರಿ ತುಂಬಿಸುತ್ತಿದ್ದರು.

ಜೈಲಿನಲ್ಲಿ ನೋಡಲು ಬಿಡುವುದು ಸಂಬಂಧಿಕರನ್ನು ಮಾತ್ರ. ಮಾವನೇ ಯಾರೂ ಇಲ್ಲವೆಂದು ಬರೆಸಿದ್ದ. ಅಮ್ಮನಿಗೆ ಇದು ಮೊದಲು ಹೊಳೆದೇ ಇರಲಿಲ್ಲ. ಕೋರ್ಟು ದಾಟಿದರೆ ಸಾಕು, ಆಮೇಲೆ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬಂದರಾಯಿತು ಎಂದುಕೊಂಡಿದ್ದಳು. ಬಿಡುವು ಸಿಕ್ಕಾಗಲೆಲ್ಲ ಜೈಲಿನ ಎದುರಿನ ಬಸ್ ಸ್ಟಾಪಿಗೆ ಹೋಗಿ, ಬಸ್ಸಿಗೆ ಕಾಯುವವಳ ಹಾಗೆ ಕೂತು, ಗೋಡೆ ನೋಡಿಕೊಂಡು ಬರುತ್ತಿದ್ದಳು. ‘ಗೋಡೆ ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀಯಮ್ಮ’ ಎಂದು ನಾನು ರೇಗಿದೆ. ‘ಆ ಕಡೆ ಅವನು ಇದಾನಲ್ಲ’ ಅಂದಳು.

ಮೂರನೆಯ ವರ್ಷ ಒಬ್ಬ ಗಂಡಸು ಶೌಚಾಲಯದ ಮುಂದೆ ಬಂದು ತಟ್ಟೆಗೆ ದುಡ್ಡು ಹಾಕಿ, ಒಳಗೆ ಹೋಗದೆ ನಿಂತ. ಜೈಲಿನಿಂದ ಹೊಸದಾಗಿ ಬಿಡುಗಡೆಯಾದವನು, ಕೈಯಲ್ಲೊಂದು ಬಟ್ಟೆಯ ಗಂಟು.

‘ಅಮ್ಮ, ಹೆಂಗಸರ ಕಡೆ ಚಿಲಕ ಬಿಗಿಯಾಗಿ ಕೂರುತ್ತಾ ಅಂತ ಕೇಳ್ಕೊಂಡು ಹೋಗು ಅಂದ್ರು ಒಬ್ರು. ಸಡಿಲ ಆಗಿದ್ರೆ ತಿರುಪು ಎಡಗಡೆದು ಮೊದಲು ಬಿಗಿಸಬೇಕಂತೆ.’

ಅಮ್ಮ ಎದ್ದು ನಿಂತಳು. ‘ಬಿಗಿಯಾಗಿದೆ ಅಂತ ಹೇಳಪ್ಪ. ಒಂದೂ ಅಲ್ಲಾಡಿಲ್ಲ ಅಂತ ಹೇಳು.’

‘ನಾನು ಇನ್ನು ಆ ಕಡೆ ಹೋಗಲ್ಲಮ್ಮ’ ಎಂದು ಅವನು ಸಂಕೋಚದಿಂದ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ, ‘ಅವರಿಗೆ ಕೆಮ್ಮು ಜಾಸ್ತಿ ಆಗಿದೆ. ಎರಕದ ಹೊಗೆ ಅಂತೆ, ಎದೇಲಿ ಹಳೇದು. ಆಸ್ಪತ್ರೆ ಕೋಣೇಲಿ ಮಲಗಿಸಿದಾರೆ.’

ಅಮ್ಮ ಅದೇ ಸಂಜೆ ವಕೀಲರ ಮನೆಗೆ ಓಡಿದಳು, ನಾನೂ ಹಿಂದೆಯೇ ಹೋದೆ. ಅಷ್ಟರಲ್ಲಿ ಇನ್ನೊಂದು ತಮಾಷೆ ನಡೆದಿತ್ತು, ಅದಕ್ಕೆ ತಮಾಷೆ ಅನ್ನದೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಸರ್ಕಾರ ಗುಂಡಿಯನ್ನೇ ರದ್ದುಮಾಡಿತ್ತು. ಮಾಡುವ ಖರ್ಚು ಅದರ ಬೆಲೆಗಿಂತ ಹೆಚ್ಚಂತೆ. ಜನರಿಂದ ವಾಪಸ್ಸು ಪಡೆದ ಗುಂಡಿಗಳನ್ನು ಕರಗಿಸಲು ಟೆಂಡರ್ ಕರೆದು, ಊರಾಚೆಯ ಅದೇ ದೊಡ್ಡ ಕಾರ್ಖಾನೆಗಳಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿತ್ತು.

‘ಈಗ ಅವರೇ ಕರಗಿಸ್ತಾ ಇದಾರಲ್ಲ ಸ್ವಾಮಿ. ನಮ್ಮಣ್ಣನನ್ನ ಬಿಡಬೇಕಲ್ವಾ?’ ಎಂದು ಅಮ್ಮ ಕೇಳಿದಳು.

‘ನಿಮ್ಮಣ್ಣ ಕರಗಿಸಿದಾಗ ಅದು ದುಡ್ಡಾಗಿತ್ತಮ್ಮ. ಈಗ ಅದು ಬರೀ ಹಿತ್ತಾಳೆ.’

‘ಆಗಲೂ ಯಾರೂ ತಗೋತಿರಲಿಲ್ಲವಲ್ಲ.’

ವಕೀಲರು ಕನ್ನಡಕ ಒರೆಸಿಕೊಂಡರು.

‘ಹೋಗಲಿ, ನಾನು ತಂಗಿ ಅಂತ ಬರೆದುಕೊಡ್ತೀನಿ. ಒಂದು ಸಲ ನೋಡಿ ಬರ್ತೀನಿ. ಶಿಕ್ಷೆ ಬೇಕಾದ್ರೆ ನನಗೆ ಕೊಡಲಿ.’

‘ನಿಮಗೆ ಕೊಟ್ರೆ ಕೊಡಲಿ ಅಂತೀರ, ಸರಿ. ಕೋರ್ಟಲ್ಲಿ ಸುಳ್ಳು ಹೇಳಿದ್ದಕ್ಕೆ ಅವರಿಗೂ ಇನ್ನಷ್ಟು ವರ್ಷ ಹಾಕ್ತಾರೆ. ಬಿಡುಗಡೆಗೆ ಉಳಿದಿರೋದು ಕೆಲವೇ ತಿಂಗಳು. ತಡ್ಕೊಳ್ಳಿ. ಬಂದ ಮೇಲೆ ಕೂರಿಸ್ಕೊಂಡು ಬೇಕಾದಷ್ಟು ನೋಡಿ.’

ಅಮ್ಮ ತಡೆದುಕೊಂಡಳು. ಮಾವನಿಗೆಂದು ಒಂದು ಹೊಸ ಕಂಬಳಿ ತಂದಿಟ್ಟಳು. ನಮ್ಮ ಕೋಣೆಯಲ್ಲಿ ಅವನ ಚಾಪೆ ಎಲ್ಲಿ ಹಾಕುವುದೆಂದು ಪಾತ್ರೆಯ ಕಪಾಟನ್ನು ಆ ಗೋಡೆಗೆ ಈ ಗೋಡೆಗೆ ಸರಿಸಿದಳು. ‘ಮರಳು ಇಲ್ಲದೆ ಅವನಿಗೆ ನಿದ್ದೆ ಬರುತ್ತೋ ಇಲ್ವೋ’ ಎಂದು ನಗುತ್ತಿದ್ದಳು. ಕಪಾಟು ಸರಿಸಿದ್ದು ಹಾಗೇ ಇದೆ.

ಒಂದು ಮಧ್ಯಾಹ್ನ ವಕೀಲರು ಬಂದರು. ತಟ್ಟೆಗೆ ದುಡ್ಡು ಹಾಕಲಿಲ್ಲ, ಕುರ್ಚಿಯ ಪಕ್ಕ ಬಗ್ಗಲೂ ಇಲ್ಲ. ಅವರಿಗೂ ಅಂದೇ ಗೊತ್ತಾದದ್ದಂತೆ. ಮಾವ ತೀರಿಕೊಂಡು ವಾರದ ಮೇಲಾಗಿತ್ತು. ತನ್ನವರು ಅಂತ ಯಾರೂ ಇಲ್ಲದವನು, ಯಾರಿಗೆ ತಿಳಿಸುತ್ತಾರೆ? ನಿಯಮದ ಪ್ರಕಾರ ಕಾದು, ಯಾರೂ ಬರಲಿಲ್ಲವೆಂದು ಅವರೇ ಮಣ್ಣು ಮಾಡಿದ್ದರು.

ಅಮ್ಮ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಶೌಚಾಲಯದ ಬಾಗಿಲನ್ನೂ ಹಾಕಲಿಲ್ಲ. ಜೈಲಿನ ಬಾಗಿಲಲ್ಲಿದ್ದ ಅಧಿಕಾರಿ ವಯಸ್ಸಾದವರು. ನಮ್ಮನ್ನು ಕೂರಿಸಿ ನೀರು ಕೊಟ್ಟು ಕೇಳಿದರು.

‘ನೀವು ಅವರಿಗೆ ಏನಾಗಬೇಕು?’

‘ತಂಗಿ’ ಅಂದಳು ಅಮ್ಮ. ಮೂರು ವರ್ಷದ ಹತ್ತಿರ ಹತ್ತಿರ ಬಾಯಲ್ಲಿ ಕಟ್ಟಿಕೊಂಡಿದ್ದ ಮಾತು, ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಂತು.

ಅವರು ಹಳೆಯ ಕಾಗದಗಳನ್ನು ತಿರುವಿದರು. ‘ಯಾರೂ ಇಲ್ಲ ಅಂತ ಇದೆಯಲ್ಲಮ್ಮ. ಕೋರ್ಟಲ್ಲಿ ನೀವೇ ಇವರನ್ನ ಗೊತ್ತಿಲ್ಲ ಅಂದಿದ್ದೀರ.’

‘ಸುಳ್ಳು ಹೇಳಿದ್ದೆ. ಅವನೂ ಸುಳ್ಳು ಹೇಳಿದ್ದ. ನಾನೇ ತಂಗಿ. ಗುಂಡಿ ಕೊಟ್ಟವಳು ನಾನೇ. ಬರ್ಕೊಳ್ಳಿ, ನನ್ನನ್ನ ಒಳಗೆ ಹಾಕಿ. ಅವನನ್ನ ಎಲ್ಲಿ ಇಟ್ಟಿದ್ದೀರೋ ಆ ಜಾಗ ತೋರಿಸಿ ಆಮೇಲೆ ಹಾಕಿ.’

ಅಧಿಕಾರಿ ಕಾಗದ ಮುಚ್ಚಿದರು. ಜೈಲಿನ ಒಳಗಿನ ಜಾಗ, ಸಂಬಂಧಿಕರಲ್ಲದವರನ್ನು ಬಿಡುವ ಹಾಗಿಲ್ಲ ಅಂದರು. ಸಂಬಂಧ ಬರೆದುಕೊಂಡರೆ ಕೇಸು ಹಾಕದೆ ವಿಧಿಯಿಲ್ಲ ಅಂದರು. ಆಮೇಲೆ ದನಿ ತಗ್ಗಿಸಿದರು.

‘ಮನೆಗೆ ಹೋಗಿಮ್ಮ. ನೀವು ಏನೂ ಹೇಳಲಿಲ್ಲ, ನಾನು ಏನೂ ಕೇಳಿಸ್ಕೊಳ್ಳಲಿಲ್ಲ.’

ಅವರು ಒಳ್ಳೆಯವರೇ. ಅದನ್ನೇ ನನಗೆ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ. ಕೆಟ್ಟವರಾಗಿದ್ದರೆ ಅಮ್ಮ ಅಣ್ಣನ ತಂಗಿಯಾಗಿ ಜೈಲಿಗಾದರೂ ಹೋಗುತ್ತಿದ್ದಳು. ಅವರು ದಯೆ ತೋರಿಸಿ ಆ ಸುಳ್ಳನ್ನೇ ಉಳಿಸಿ ಕಳಿಸಿದರು. ಎದುರಿನ ಬಸ್ ಸ್ಟಾಪಿನಲ್ಲಿ ಅವಳು ಎಂದಿನ ಜಾಗದಲ್ಲಿ ಕೂತು ಗೋಡೆ ನೋಡಿದಳು. ಬಸ್ಸುಗಳು ಬಂದವು, ಹೋದವು.

‘ಬಾಯಿ ಬಿಟ್ರೆ ನನ್ನ ಹೆಣ ನೋಡ್ತೀಯ ಅಂದಿದ್ದ’ ಅಂದಳು ಕೊನೆಗೆ. ‘ನಾನು ಬಾಯಿ ಬಿಡಲಿಲ್ಲ ಮರಿ. ಅವನ ಹೆಣಾನೂ ನೋಡಲಿಲ್ಲ.’

ನಾನು ಅವಳನ್ನು ಎಬ್ಬಿಸಿ ಕರೆತಂದೆ.

ಈಗ ಅಮ್ಮನಿಗೆ ಕುರ್ಚಿಯಿಂದ ಏಳುವುದೂ ಕಷ್ಟ. ಜನ ಫೋನು ತೋರಿಸಿ ದುಡ್ಡು ಕೊಡುತ್ತಾರೆ, ತಟ್ಟೆ ಖಾಲಿಯೇ ಇರುತ್ತದೆ. ಅಪರೂಪಕ್ಕೆ ಒಂದು ದಿನ ಯಾರದೋ ಹಳೇ ಬ್ಯಾಗಿನ ಮೂಲೆಯಿಂದ ಒಂದು ಗುಂಡಿ ತಟ್ಟೆಗೆ ಬಿತ್ತು. ‘ಇದು ನಡೆಯಲ್ಲ ಅಲ್ವಾ’ ಎಂದು ಆ ಹೆಂಗಸು ನಗುತ್ತಾ ಹೋದಳು. ಅಮ್ಮ ಅದನ್ನು ಸೋಪಿನ ಪೆಟ್ಟಿಗೆಯ ನೀಲಿ ಪಟ್ಟಿಯಿಂದ ಕಟ್ಟಿ, ಹೆಂಗಸರ ಕಡೆಯ ಗೋಡೆಯ ಮೊಳೆಗೆ ನೇತುಹಾಕಿಸಿದಳು. ಗೋಡೆಯ ಮೇಲೆ ಗುಂಡಿ, ಬಾಗಿಲ ಮೇಲೆ ಚಿಲಕ.

ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದಾಳೆ. ಒಳಗೆ ಹೋಗುವ ಪ್ರತಿಯೊಬ್ಬ ಹೆಂಗಸನ್ನೂ ತಡೆದು ಹೇಳುತ್ತಾಳೆ, ‘ಚಿಲಕ ಹಾಕ್ಕೊಳ್ಳಮ್ಮ, ಗಟ್ಟಿಯಾಗಿದೆ. ನಮ್ಮಣ್ಣ ಮಾಡಿದ್ದು.’ ಬಸ್ಸಿನ ಅವಸರದಲ್ಲಿ ಬಂದವರಿಗೆ ಅವಳಣ್ಣ ಯಾರಾದರೇನು? ‘ಸರಿಯಮ್ಮ, ದಾರಿ ಬಿಡಿ’ ಅನ್ನುತ್ತಾರೆ. ಕೆಲವರು ಗೊಣಗುತ್ತಾರೆ. ಅವಳು ಅವರ ಹಿಂದೆಯೇ ದನಿ ಎತ್ತಿ ಇನ್ನೊಂದು ಸಲ ಹೇಳುತ್ತಾಳೆ, ‘ನಮ್ಮಣ್ಣ, ನನ್ನ ಒಡಹುಟ್ಟಿದವನು.’ ಒಳಗಿನಿಂದ ಚಿಲಕ ಟಕ್ ಎಂದು ಬೀಳುವವರೆಗೂ ಕಾದು, ಆಮೇಲೆ ಕೂರುತ್ತಾಳೆ.